ಎಡಗಡೆಯ ಸೀಟು

ಲಾ ಬ್ರೊಸ್, ಲಿಮೂಜೆ ಸೀಮೆ, ಫ್ರಾನ್ಸ್
೧೮ ಮಾರ್ಚ್ ೨೦೨೫, ಮಂಗಳವಾರ

ನೆವಿಲ್,

‘ಪ್ರಿಯ’ ಎಂದು ಶುರುಮಾಡಬೇಕೋ ಬೇಡವೋ ಎಂದು ಯೋಚಿಸುತ್ತ ಕೂತು ಒಂದು ಕಪ್ ಚಹಾ ತಣ್ಣಗಾಯಿತು. ಸದ್ಯಕ್ಕೆ ಬರೀ ಹೆಸರಿರಲಿ. ಆ ಪದ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಕಾಗದ ಶನಿವಾರ ತಲುಪಿತು. ಮೂರೂವರೆ ವರ್ಷದಲ್ಲಿ ಕ್ರಿಸ್‌ಮಸ್ಸಿಗೊಂದು ಫೋನ್ ಬಿಟ್ಟರೆ ನಮ್ಮ ನಡುವೆ ಇದೇ ಮೊದಲ ಮಾತು. ಗಂಡ ಹೆಂಡತಿಗೆ ಬರೆದದ್ದು ಎಂದು ನೋಡಿದವರು ಯಾರೂ ಹೇಳಲಾರರು. ಹನ್ನೊಂದು ಪ್ರಶ್ನೆ, ಒಂದೊಂದಕ್ಕೂ ಸಂಖ್ಯೆ. ಬ್ರಿಟನ್ ಬಿಟ್ಟು ಇಲ್ಲಿ ಬಂದು ನೆಲೆಸುವವನಿಗೆ ಯಾವ ಕಾಗದ ಬೇಕು, ಸಾಮಾನು ಹೇಗೆ ತರಬೇಕು, ನಾಯಿಯನ್ನು ಹೇಗೆ ತರಬೇಕು. ಹನ್ನೊಂದನೆಯದು ಮಾತ್ರ ಪುಟದ ಅಂಚಿಗೆ ಇರುವೆಯಂಥ ಅಕ್ಷರದಲ್ಲಿ: ನಿನ್ನೂರಿನ ಆಸುಪಾಸಿನಲ್ಲಿ ಒಬ್ಬನಿಗೆ ಸಾಲುವ ಬಾಡಿಗೆ ಮನೆ ಸಿಕ್ಕೀತೇ, ನಿನಗೇನೂ ತೊಂದರೆ ಕೊಡುವುದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಕಾದಿರು. ನಾನೂ ಕಾದಿದ್ದೇನೆ.

ಸರಿಯಾದವಳನ್ನೇ ಕೇಳಿದ್ದೀಯ ಎಂದು ಮೊದಲೇ ಹೇಳಿಬಿಡುತ್ತೇನೆ. ಸುತ್ತಲಿನ ಮೂರು ಹಳ್ಳಿಗೆ ಹೊಸದಾಗಿ ಬರುವ ಇಂಗ್ಲಿಷರು ಈಗ ಮೊದಲು ಹುಡುಕಿಕೊಂಡು ಬರುವುದು ನನ್ನ ಅಡುಗೆಮನೆಯನ್ನು. ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸಿದವಳು ಸರ್ಕಾರಿ ಕಚೇರಿಯ ಕಿಟಕಿಗೆ ಹೆದರುತ್ತಾಳೆಯೇ? ಹೆದರಿದೆ, ಒಂದು ವರ್ಷ. ಆಮೇಲೆ ಕಿಟಕಿಯ ಆಚೆಯವರೇ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು. ಜಂಬ ಎನ್ನು, ಬೇಜಾರಿಲ್ಲ. ಈ ಜಂಬಕ್ಕೆ ನಾನು ದುಡಿದಿದ್ದೇನೆ.

ಮೊದಲು ವೀಸಾ. ಪೆಟ್ಟಿಗೆ ಎತ್ತಿಕೊಂಡು ಬಂದು ಕೂರುವ ಕಾಲ ಮುಗಿಯಿತು. ಮೂರು ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿಂದಲೇ ದೀರ್ಘಾವಧಿಯ ವೀಸಾ ಪಡೆದು ಹೊರಡು. ಪಿಂಚಣಿಯ ಪತ್ರ, ಆರೋಗ್ಯ ವಿಮೆ, ಇಲ್ಲಿ ಎಲ್ಲಿ ಇಳಿದುಕೊಳ್ಳುತ್ತೀಯ ಎಂಬುದಕ್ಕೆ ಲಿಖಿತ ಆಧಾರ, ಮೂರೂ ಬೇಕು. ವಿಳಾಸವಿಲ್ಲದವನಿಗೆ ವೀಸಾ ಇಲ್ಲ. ವೀಸಾ ಇಲ್ಲದೆ ಬಂದು ಮನೆ ಹುಡುಕಿಯೇನು ಎಂದರೆ ಮನೆಯ ಮಾಲೀಕರು ಒಪ್ಪುವುದಿಲ್ಲ. ಈ ವಿಳಾಸದ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಜನನ ಪ್ರಮಾಣಪತ್ರ ಕೇಳಿದರೆ ನಿನ್ನ ಹಳೇ ಹಳದಿ ಹಾಳೆ ತೋರಿಸಲು ಹೋಗಬೇಡ. ಮೂರು ತಿಂಗಳೊಳಗೆ ಕೊಟ್ಟ ಹೊಸ ಪ್ರತಿಯೇ ಆಗಬೇಕು. ನಾನು ಹುಟ್ಟಿ ಅರವತ್ತು ವರ್ಷವಾಯಿತು, ಮೂರು ತಿಂಗಳ ಕೆಳಗೆ ಮತ್ತೆ ಹುಟ್ಟಿಲ್ಲ ಎಂದು ಆ ಗುಮಾಸ್ತೆಗೆ ನನ್ನ ಹರುಕು ಫ್ರೆಂಚಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಎರಡನೆಯ ಸಲ ಹೋದಾಗ ನಕ್ಕಳು, ಆದರೂ ಹೊಸ ಪ್ರತಿಯನ್ನೇ ಕೇಳಿದಳು. ಮದುವೆಯ ಪ್ರಮಾಣಪತ್ರವನ್ನೂ ಅನುವಾದ ಮಾಡಿಸಿ ತಾ. ನನ್ನದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಮದುವೆಯಾಗಿದ್ದೇನೆ ಎಂಬುದನ್ನು ಮರೆಯಲು ಈ ದೇಶ ನನ್ನನ್ನು ಬಿಟ್ಟಿಲ್ಲ.

ಸಾಮಾನಿಗೆ ಪಟ್ಟಿ ಬೇಕು. ಒಂದು ಚಮಚವೂ ಬಿಡದಂತೆ ಬರೆದು, ಸಹಿ ಹಾಕಿ, ಎರಡು ಪ್ರತಿ. ಎಲ್ಲವೂ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಸುಂಕವಿಲ್ಲ. ಪಟ್ಟಿಗೂ ಲಾರಿಗೂ ತಾಳೆಯಾಗಬೇಕು. ಇದು ನಿನಗೆ ಗೊತ್ತಿರಲಿಕ್ಕೆ ಸಾಕು, ಏಕೆಂದರೆ ನಮ್ಮ ಪಟ್ಟಿಯನ್ನು ಬರೆದವನೇ ನೀನು. ಹದಿನೇಳನೆಯ ಸಾಲಿನಲ್ಲಿ ನಿನ್ನ ತೋಳುಕುರ್ಚಿ ಇತ್ತು. ನೀನು ಬರುವುದಿಲ್ಲ ಎಂದು ಹೇಳುವಷ್ಟರಲ್ಲಿ ಅದು ಲಾರಿಯ ಒಳಗೆ ಹಾಸಿಗೆಗಳ ಹಿಂದೆ ಕೂತಾಗಿತ್ತು. ಹೀಗಾಗಿ ಕುರ್ಚಿ ಬಂತು, ಕೂರುವವನು ಬರಲಿಲ್ಲ. ಅದು ಒಲೆಯ ಪಕ್ಕದಲ್ಲಿದೆ. ಅದರಲ್ಲಿ ಯಾರೂ ಕೂರುವುದಿಲ್ಲ. ನೀನು ಅಲ್ಲಿ ಇಷ್ಟು ದಿನ ಯಾವುದರಲ್ಲಿ ಕೂರುತ್ತಿದ್ದೀಯೋ ಕೇಳಬೇಕೆಂದು ಪ್ರತಿ ಕ್ರಿಸ್‌ಮಸ್ಸಿಗೂ ಅಂದುಕೊಂಡು ಕೇಳದೆ ಉಳಿದೆ.

ನಮ್ಮ ನಾಯಿ ಪಿಕಲ್‌ಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ ಇಪ್ಪತ್ತೊಂದು ದಿನವಾದರೂ ಆಗಿರಬೇಕು. ಹೊರಡುವ ಹತ್ತು ದಿನದೊಳಗೆ ಪಶುವೈದ್ಯರ ಪ್ರಮಾಣಪತ್ರ. ಅವನಿಗೀಗ ಹದಿಮೂರು, ಮೆಟ್ಟಿಲು ಹತ್ತಿಸಬೇಡ, ಎತ್ತಿಕೋ. ಮಾಂಸ, ಹಾಲು, ಚೀಸ್ ಯಾವುದನ್ನೂ ತರುವಂತಿಲ್ಲ, ನಿನ್ನ ಹಂದಿಮಾಂಸದ ಸ್ಯಾಂಡ್‌ವಿಚ್ ಸಮೇತ. ಬಂದರಿನಲ್ಲಿ ಕಿತ್ತುಕೊಂಡು ಕಸದ ಡಬ್ಬಿಗೆ ಹಾಕುತ್ತಾರೆ. ಹಡಗಿನಲ್ಲೇ ತಿಂದು ಮುಗಿಸು. ಚಹಾ ಮಾತ್ರ ಆದಷ್ಟು ತಾ. ಇಲ್ಲಿಯವರು ಚಹಾ ಎಂದು ಕೊಡುವುದು ಪಾತ್ರೆ ತೊಳೆದ ನೀರು.

ಕಾರಿನ ವಿಷಯ. ದೀಪಗಳಿಗೆ ಸ್ಟಿಕ್ಕರ್ ಹಚ್ಚು, ಇಲ್ಲದಿದ್ದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಬಲಗಡೆ ಓಡಿಸುವುದು ಎರಡು ದಿನದಲ್ಲಿ ರೂಢಿಯಾಗುತ್ತದೆ. ರೂಢಿಯಾಗದಿರುವುದು ಟೋಲ್. ನಮ್ಮ ಕಾರಿನಲ್ಲಿ ಓಡಿಸುವವರು ಕೂರುವುದು ಬಲಕ್ಕೆ, ಚೀಟಿ ಕೊಡುವ ಯಂತ್ರ ಇರುವುದು ಎಡಕ್ಕೆ. ಎಡಗಡೆಯ ಸೀಟಿನಲ್ಲಿ ಒಬ್ಬರಿದ್ದರೆ ಏನೂ ಅಲ್ಲ, ಕೈ ಚಾಚಿದರೆ ಆಯಿತು. ಒಂಟಿಯಾಗಿದ್ದರೆ ಬೆಲ್ಟ್ ಬಿಚ್ಚಿ, ಇಳಿದು, ಕಾರನ್ನು ಸುತ್ತಿ ಓಡಬೇಕು. ಮೊದಲ ಟೋಲಿನಲ್ಲಿ ಚೀಟಿ ಗಾಳಿಗೆ ಹಾರಿತು. ಅದರ ಹಿಂದೆ ನಾನು, ನನ್ನ ಹಿಂದೆ ಒಂಬತ್ತು ಕಾರುಗಳ ಹಾರನ್ನು. ಮೂರನೆಯ ಟೋಲ್ ಬರುವಷ್ಟರಲ್ಲಿ ಶಾಲೆಯವರು ಬೀಳ್ಕೊಡುಗೆಗೆ ಕೊಟ್ಟಿದ್ದರಲ್ಲ, ಊಟ ಬಡಿಸುವ ಆ ಉದ್ದನೆಯ ಇಕ್ಕಳ, ಅದನ್ನು ಪೆಟ್ಟಿಗೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡೆ. ಸೀಟಿನ ಮೇಲೆ ಬಾಗಿ ಇಕ್ಕಳದಲ್ಲಿ ಚೀಟಿ ಹಿಡಿದೆಳೆದೆ. ಅವತ್ತಿನಿಂದ ಯಾವ ಟೋಲಿನಲ್ಲೂ ನಾನು ಇಳಿದಿಲ್ಲ. ಇದನ್ನು ನಿನಗೆ ಹೇಳಿಕೊಳ್ಳಬೇಕೆಂದು ಮೂರೂವರೆ ವರ್ಷದಿಂದ ನಾಲಿಗೆ ತುರಿಸುತ್ತಿತ್ತು.

ಇನ್ನು ಯಾವ ಪುಸ್ತಕದಲ್ಲೂ ಇಲ್ಲದ ಬುದ್ಧಿಮಾತು. ಇದಕ್ಕಾಗಿ ನಾನು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲ ಕ್ರಿಸ್‌ಮಸ್ಸಿನ ಫೋನಿನಲ್ಲಿ, ಬಂದ ವಾರವೇ ನೆರೆಯವರೆಲ್ಲ ಕೇಕ್ ಹಿಡಿದು ಬಂದರು, ಮನೆ ತುಂಬಿಹೋಯಿತು ಎಂದಿದ್ದೆ. ಯಾರೂ ಬಂದಿರಲಿಲ್ಲ. ನಮ್ಮ ಯಾರ್ಕ್‌ಶೈರಿನ ಬೀದಿಯಲ್ಲಿ ಹೊಸಬರು ಬಂದರೆ ಹಳಬರು ತಾನೇ ಹೋಗಿ ಬಾಗಿಲು ತಟ್ಟುವುದು? ನಾನು ಅದನ್ನೇ ನಂಬಿ ದಿನಾ ನಾಲ್ಕು ಗಂಟೆಗೆ ನೀರು ಕಾಯಿಸಿಟ್ಟು, ಒಳ್ಳೆಯ ಕಪ್ಪುಗಳನ್ನು ಜೋಡಿಸಿ, ಕಿಟಕಿಯ ಪಕ್ಕ ಕೂರುತ್ತಿದ್ದೆ. ಕೇಕನ್ನು ನಾನೇ ಮಾಡಿ ನಾನೇ ತಿಂದೆ. ಏಳು ವಾರ. ಎದುರುಮನೆಯ ಪರದೆ ಅಲುಗಾಡುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಇವರಿಗೆ ಇಂಗ್ಲಿಷರೆಂದರೆ ಆಗದು ಎಂದು ತೀರ್ಮಾನಿಸಿ ಮನೆ ಮಾರುವವರ ವಿಳಾಸ ಬರೆದಿಟ್ಟುಕೊಂಡೆ. ಆದರೆ ವಾಪಸು ಬಂದರೆ ನೀನು ಗೆದ್ದಂತೆ. ಆ ಒಂದೇ ಕಾರಣಕ್ಕೆ ಉಳಿದೆ.

ಎಂಟನೆಯ ವಾರ ನಲ್ಲಿ ಒಡೆದು ಅಡುಗೆಮನೆಯೆಲ್ಲ ನೀರಾದಾಗ ಬೇರೆ ದಾರಿಯಿಲ್ಲದೆ ಎದುರುಮನೆಗೆ ಓಡಿದೆ. ಸೊಲಾಂಜ್ ಎಂಬ ಎಂಬತ್ತರ ಮುದುಕಿ ಬಾಗಿಲು ತೆರೆದು, ನಲ್ಲಿಯ ಮಾತು ಕೇಳುವ ಮೊದಲೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು.

“ಅಬ್ಬಾ, ಬಂದೆಯಲ್ಲಮ್ಮ ಕೊನೆಗೂ. ದಿನಾ ನೋಡ್ತಿದ್ದೆ, ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ. ಹೊಸಬರು ತಾನೇ ಮೊದ್ಲು ಬಂದು ಮುಖ ತೋರಿಸ್ಬೇಕು? ನಾವಾಗೇ ನುಗ್ಗೋಕೆ ಅದೇನು ನಮ್ಮನೆಯಾ? ದೊಡ್ಡ ಜಂಬಗಾತಿ ಇರ್ಬೇಕು ಅಂದ್ಕೊಂಡಿದ್ವಿ.”

ಅವತ್ತು ನನಗೆ ಅದರಲ್ಲಿ ಕಾಲುಭಾಗ ತಿಳಿಯಿತು. ಉಳಿದದ್ದನ್ನು ಅವಳು ಈಗಲೂ ಊರಿಗೆಲ್ಲ ಹೇಳಿ ನಗಿಸುತ್ತಾಳೆ. ಏಳು ವಾರ ರಸ್ತೆಯ ಎರಡೂ ಕಡೆ ಇಬ್ಬರು ಹೆಂಗಸರು ಕಿಟಕಿಯ ಹಿಂದೆ ಕೂತು, ಅವಳೇ ಮೊದಲು ಬರಲಿ ಎಂದು ಕಾದಿದ್ದರು! ಹಾಗಾಗಿ ನೆವಿಲ್, ಇಲ್ಲಿ ಮೊದಲು ಹೊಸಬನೇ ಬಾಗಿಲು ತಟ್ಟಬೇಕು. ಅಂಗಡಿಗೆ ಹೋದರೂ, ಡಾಕ್ಟರ ಮನೆಯ ಬೆಂಚಿನ ಮೇಲೆ ಕೂರಲು ಹೋದರೂ, ಮೊದಲು ಎಲ್ಲರಿಗೂ ‘ಬೊಂಜೂರ್’ ಎನ್ನು. ನಮ್ಮವರ ಹಾಗೆ ನೆಲ ನೋಡುತ್ತ ಮೂಲೆ ಸೇರಬೇಡ. ಅದನ್ನು ಇವರು ಸಂಕೋಚ ಎನ್ನುವುದಿಲ್ಲ, ಸೊಕ್ಕು ಎನ್ನುತ್ತಾರೆ.

ಅದನ್ನು ಕಲಿತ ಮೇಲೂ ಒಂದು ಬಾಗಿಲನ್ನು ನಾನು ತಟ್ಟಲಿಲ್ಲ. ಲಾರಿ ತುಂಬಿದ ಆ ದಿನ ಅಂಗಳದಲ್ಲಿ ನಿಂತು ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: “ನೀನು ಹೋಗು ಗ್ಲೆಂಡಾ. ಇಲ್ಲಿ ನಾನು ಚರ್ಚಿನ ಗಂಟೆಗೋಪುರದ ನಾಯಕ, ಹಗ್ಗ ಎಳೆದು ಗಂಟೆ ಬಾರಿಸೋರಿಗೆಲ್ಲ ಮುಂದಾಳು. ಅಲ್ಲಿಗೆ ಬಂದ್ರೆ ಭಾಷೆ ಬಾರದ ಮುದುಕ, ನಿನ್ನ ಬಾಲ ಅಷ್ಟೆ.” ನನಗೆ ಬಾಲ ಬೇಕಾಗಿಲ್ಲ ಎಂದು ಹೇಳಿ ಕಾರು ಹತ್ತಿದೆ. ಬಾ ಎಂದು ಇನ್ನೊಂದು ಸಲ ಕರೆದಿದ್ದರೆ ನೀನು ಬರುತ್ತಿದ್ದೆಯೋ ಏನೋ. ಕರೆಯಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ನಾವಿಬ್ಬರೂ, ನನಗೆ ಮೀಸೆಯಾದರೂ ಇಲ್ಲ.

ನಿನ್ನ ಪ್ರಶ್ನೆಗಳ ನಡುವೆ ಒಂದೇ ಸಾಲಿನಲ್ಲಿ, ಗೋಪುರದ ಮುಂದಾಳುತನವನ್ನು ನಾನೇ ಕಲಿಸಿದ ಹುಡುಗಿಗೆ ಬಿಟ್ಟುಕೊಟ್ಟೆ, ಮೊದಲ ಭಾನುವಾರ ಕೆಳಗೆ ಜನರ ನಡುವೆ ಕೂತು ಕೇಳಿದೆ, ಆರೂ ಗಂಟೆಗಳು ನನ್ನ ಕಾಲಕ್ಕಿಂತ ಚೆನ್ನಾಗಿ ನುಡಿದವು ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಸೊಲಾಂಜ್‌ಗೆ ಓದಿ ಹೇಳಿದೆ. ಮೂವತ್ತು ವರ್ಷ ಹಿಡಿದ ಹಗ್ಗವನ್ನು ತಾನು ಕಲಿಸಿದವಳ ಕೈಗೆ ಕೊಟ್ಟು, ಅವಳೇ ಮೇಲು ಎನ್ನುವ ಗಂಡಸರು ಎಷ್ಟು ಜನ ಇದ್ದಾರು? ನನಗೆ ಹೆಮ್ಮೆಯಾಯಿತು. ನನ್ನ ಇಕ್ಕಳದ ಬಗ್ಗೆ ಇರುವುದಕ್ಕಿಂತ ಹೆಚ್ಚು.

ಸೊಲಾಂಜ್‌ಗೆ ನಿನ್ನ ಕಾಗದ ಓದಿ ಹೇಳುವುದೇಕೆ ಎಂದು ಕೇಳುತ್ತೀಯ. ಅದು ನನ್ನ ಎರಡನೆಯ ಸುಳ್ಳು. ಗಂಡ ಎಲ್ಲಿ ಎಂದು ಅವಳು ಮೊದಲ ದಿನವೇ ಕೇಳಿದಾಗ, ಬರಲಿಲ್ಲ ಎಂದು ಹೇಳಲು ನನ್ನ ಸೊಕ್ಕು ಬಿಡಲಿಲ್ಲ. ಅಲ್ಲಿ ಗಂಟೆಗಳ ಕೆಲಸ ಬಾಕಿಯಿದೆ, ಈಸ್ಟರ್ ಕಳೆದ ಮೇಲೆ ಬರುತ್ತಾರೆ ಎಂದೆ. ಈಗ ನಾಲ್ಕನೆಯ ಈಸ್ಟರ್ ಬರುತ್ತಿದೆ, ಅವಳು ಒಮ್ಮೆಯೂ ಮರುಪ್ರಶ್ನೆ ಹಾಕಿಲ್ಲ. ಊರಿನಲ್ಲಿ ನೀನೀಗ ‘ಗಂಟೆಯವನು’. ಇಲ್ಲಿಯ ಚರ್ಚಿನ ಗಂಟೆಯನ್ನು ವಿದ್ಯುತ್ತು ಬಾರಿಸುತ್ತದೆ, ಹಗ್ಗ ಎಂದೋ ಕೊಳೆತುಹೋಗಿದೆ. ಗಂಟೆಯವನು ಬಂದರೆ ಒಮ್ಮೆ ಮೇಲೆ ಹತ್ತಿ ನೋಡಲಿ ಎಂದು ಮೇಯರ್ ಎರಡು ಸಲ ಕೇಳಿದ್ದಾರೆ. ಇಲ್ಲಿಗೆ ಬಂದರೆ ತಾನು ಯಾರೂ ಅಲ್ಲ ಎಂದು ನೀನು ಹೆದರಿದ್ದೆ. ಕಾಲಿಡುವ ಮೊದಲೇ ನಿನಗೆ ಹೆಸರು ಬಿದ್ದಿದೆ, ನೋಡು.

ಇಲ್ಲಿ ಗಂಟೆ ಎಷ್ಟಾಯಿತೆಂದು ಎರಡು ಸಲ ಬಾರಿಸುತ್ತದೆ. ಮೊದಲ ಸಲ ಎಣಿಸದವರಿಗೆಂದು ಎರಡು ನಿಮಿಷ ಬಿಟ್ಟು ಮತ್ತೊಮ್ಮೆ. ನಿನಗೆ ಇಷ್ಟವಾಗುತ್ತದೆ.

ಈಗ ಹನ್ನೊಂದನೆಯ ಪ್ರಶ್ನೆ. ಒಬ್ಬನಿಗೆ ಸಾಲುವ ಬಾಡಿಗೆ ಮನೆ ಒಂದಿದೆ, ಸೇತುವೆಯ ಹತ್ತಿರ. ಗೋಡೆ ತೇವ, ನಾಯಿಗೆ ಒಳ್ಳೆಯದಲ್ಲ. ಹಾಗಾಗಿ ವೀಸಾಕ್ಕೆ ಬೇಕಾದ ವಿಳಾಸದ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಇಲ್ಲಿಯ ಕ್ರಮದಂತೆ ಕೈಯಲ್ಲೇ ಬರೆದು, ನನ್ನ ಗುರುತಿನ ಚೀಟಿಯ ಪ್ರತಿ ಸೇರಿಸಿ, ಸಹಿ ಮಾಡಿದ್ದೇನೆ: ನೆವಿಲ್ ಹೋಲ್‌ರಾಯ್ಡ್ ಎಂಬವರು ಲಾ ಬ್ರೊಸ್‌ನ ನನ್ನ ಮನೆಯಲ್ಲಿ ವಾಸಿಸುತ್ತಾರೆ ಎಂದು ನಾನು ಘೋಷಿಸುತ್ತೇನೆ. ಎಷ್ಟು ಕಾಲ ಎಂದು ತುಂಬುವ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ಬರೆ. ಪೆನ್ಸಿಲ್ ಬೇಡ, ಶಾಯಿಯಲ್ಲಿ ಬರೆ.

ನೀನು ಮೊದಲು ಬಾಗಿಲು ತಟ್ಟಿದೆ. ನಾನು ತೆರೆದಿದ್ದೇನೆ. ಅಷ್ಟೇ, ಪ್ರಿಯ ನೆವಿಲ್.

ಮದುವೆಯ ಪ್ರಮಾಣಪತ್ರದ ಪ್ರಕಾರವೂ, ಅದಿಲ್ಲದೆಯೂ, ನಿನ್ನ
ಗ್ಲೆಂಡಾ

ಮರೆತಿದ್ದೆ: ಟೋಲಿಗೆಂದು ಇಕ್ಕಳ ಕೊಳ್ಳಬೇಡ. ಹಡಗು ಯಾವ ದಿನ ಬರುತ್ತದೆಂದು ತಿಳಿಸು. ನಾನು ಹಿಂದಿನ ದಿನವೇ ರೈಲು ಹತ್ತಿ ಬಂದು ಬಂದರಿನ ಗೇಟಿನಲ್ಲಿ ನಿಂತಿರುತ್ತೇನೆ. ಪಿಕಲ್‌ನನ್ನು ಹಿಂದೆ ಕೂರಿಸು. ಎಡಗಡೆಯ ಸೀಟು ಖಾಲಿಯಿರಲಿ, ಚೀಟಿ ನಾನು ತೆಗೆದುಕೊಳ್ಳುತ್ತೇನೆ.