ಅಕ್ಕ ಗಾಂಭೀರ್ಯದಿಂದ ಎದ್ದಳು

ಮೆಟ್ಟಿಲೂರು, ಧಾರವಾಡ ಸೀಮೆ
ಫೆಬ್ರವರಿ ೩೦, ೨೨೧೪

ಅಜ್ಜಿ, ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಈ ಕಾಗದ ಸುಮಾರು ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲಕ್ಕೆ ಬರೆದದ್ದು. ಅಲ್ಲಿ ನೀವಿನ್ನೂ ಮೂವತ್ತು ದಾಟದವರು, ನಾನು ಎಪ್ಪತ್ತೈದರ ಮುದುಕಿ. ಆದರೂ ವಂಶದಲ್ಲಿ ಆರು ತಲೆಮಾರು ಹಿರಿಯರು ನೀವು, ಅಜ್ಜಿ ಎನ್ನದೆ ಗತಿಯಿಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ.

ಅಳತೆಮನೆಯ ಪಡಸಾಲೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೇನೆ. ಎಪ್ಪತ್ತೈದು ತುಂಬಿದವರ ಚುರುಕುಬಲವನ್ನು ಇಲ್ಲಿ ಅಳೆಯುತ್ತಾರೆ. ಚುರುಕುಬಲ ಎಂದರೆ ಕಾಲಿನಲ್ಲಿ ಎಷ್ಟು ಶಕ್ತಿಯಿದೆ ಎಂಬುದಷ್ಟೇ ಅಲ್ಲ, ಆ ಶಕ್ತಿ ಎಷ್ಟು ಬೇಗ ಹೊರಡುತ್ತದೆ ಎಂಬುದು. ಎಡವಿದಾಗ ನಮ್ಮನ್ನು ಉಳಿಸುವುದು ಅದೇ, ವಯಸ್ಸಾದಂತೆ ಮೊದಲು ಕೈಕೊಡುವುದೂ ಅದೇ. ಕುರ್ಚಿಯಲ್ಲಿ ಕೈಕಟ್ಟಿ ಕೂರಬೇಕು, ಗಂಟೆ ಬಾರಿಸಿದೊಡನೆ ಏಳಬೇಕು. ಪಾದದಡಿಯ ಹಲಗೆ ಲೆಕ್ಕ ಹೇಳುತ್ತದೆ. ನಮ್ಮದು ಗುಡ್ಡಕ್ಕೆ ಅಂಟಿಕೊಂಡ ಊರು, ಗಾಡಿಗಳಿಲ್ಲ, ಹಾಲಿಗೆ ಹತ್ತಬೇಕು, ನೀರಿಗೆ ಇಳಿಯಬೇಕು. ಬಲ ಸಾಲದವರನ್ನು ಮನೆ ಬಿಡಿಸಿ ಕೆಳಗಿನ ಸಮನೆಲಕ್ಕೆ ಕಳಿಸುತ್ತಾರೆ. ಅಲ್ಲಿ ಮನೆಗಳಿಗೆ ಹೊಸ್ತಿಲು ಕೂಡ ಇಲ್ಲ.

ನನ್ನ ಅಕ್ಕ ಶಿವಗಂಗವ್ವ ಹೋದ ವರ್ಷ ಇಲ್ಲಿಗೆ ಬಂದಿದ್ದಳು. ತುಂಬಿದ ಕೊಡ ಹೊತ್ತು ಮೆಟ್ಟಿಲೇರುತ್ತಿದ್ದ ಗಟ್ಟಿಗಿತ್ತಿ. ಆದರೆ ನಮ್ಮಲ್ಲೊಂದು ಹಾಳು ಪದ್ಧತಿಯಿದೆ: ಹಿರಿಯರು ಕಿರಿಯರೆದುರು ದಡಕ್ಕನೆ ಏಳಬಾರದು, ಎದ್ದರೆ ಮಂದಿ ನಗುತ್ತಾರೆ. ಅಳೆಯುವವನೋ ಅವಳ ಮೊಮ್ಮಗನ ವಯಸ್ಸಿನವನು. ಗಂಟೆ ಬಾರಿಸಿದ. ಅಕ್ಕ ಸೆರಗು ಸರಿಮಾಡಿಕೊಂಡು, ಗಾಂಭೀರ್ಯದಿಂದ ಎದ್ದಳು. ಹಲಗೆಗೆ ಗಾಂಭೀರ್ಯ ಏನು ತಿಳಿಯುತ್ತದೆ, ಅದರ ಕರ್ಮ!

"ಶಕ್ತಿ ಐತೋ ತಮ್ಮಾ, ಮರ್ಯಾದಿಗಂತ ಸಾವಕಾಶ ಎದ್ದೇನಿ" ಎಂದಳು.

"ಹಲಗಿ ಏನ್ ಹೇಳತೈತಿ ಅದ ಖರೇ, ಅಜ್ಜಿ" ಎಂದ ಅವನು.

ಸಮನೆಲದಲ್ಲಿ ಅವಳನ್ನು ಬಹಳ ಚೆನ್ನಾಗಿ ನೋಡಿಕೊಂಡರು. ನನ್ನ ಸಿಟ್ಟೇ ಅದು. ಕೇಳುವ ಮೊದಲೇ ನೀರು, ಏಳುವ ಮೊದಲೇ ಹಿಡಿಯಲು ಇಬ್ಬರು. ಮೊನ್ನೆ ನೋಡಲು ಹೋದರೆ ಅಕ್ಕ ಹಾಸಿಗೆಯಿಂದ ತಾನಾಗಿ ಏಳಲಾರಳು. ಸುಳ್ಳು ಲೆಕ್ಕವನ್ನು ನಿಜ ಮಾಡಿಬಿಟ್ಟಿದ್ದಾರೆ. "ನೀ ಇಲ್ಲಿಗೆ ಬರಬ್ಯಾಡವ್ವಾ, ನಾಚಿಕಿ ಬಿಟ್ಟು ಜಿಗಿ" ಎಂದಳು.

ಅಂದಿನಿಂದ ಮನೆಯಲ್ಲಿ ದಡಕ್ಕನೆ ಏಳುವುದನ್ನು ರೂಢಿ ಮಾಡುತ್ತಿದ್ದೇನೆ. ಸೊಸೆ ಶಶಿರೇಖಾ ತಲೆ ಚಚ್ಚಿಕೊಳ್ಳುತ್ತಾಳೆ: "ಅತ್ತೀ, ಮಂದಿ ನೋಡಿದ್ರ ಏನಂದಾರು!" ಏನಾದರೂ ಅನ್ನಲಿ. ಆದರೂ ಹೆದರಿಕೆಯಾಗುತ್ತಿದೆ, ಅಜ್ಜಿ. ಕಾಲು ಒಪ್ಪಿದರೂ ಇಷ್ಟು ವರ್ಷದ ಸಂಕೋಚ ಒಪ್ಪಬೇಕಲ್ಲ.

ನಿಮ್ಮ ಕಾಲದಲ್ಲಿ ಕಾಲಿನ ಬಲ ಅಳೆದು ಯಾರನ್ನೂ ಮನೆ ಬಿಡಿಸುವುದಿಲ್ಲವಂತೆ. ಹಾಗಾದರೆ ಹೆದರದೆ ಅಳೆಯಿಸಿ. ನಿಮ್ಮವ್ವ ಏಳುವಾಗ ಓಡಿಹೋಗಿ ರಟ್ಟೆ ಹಿಡಿಯಬೇಡಿ. ಬೀಳದ ಹಾಗೆ ಹತ್ತಿರ ನಿಲ್ಲಿ, ಸಾಕು. ಬೇಗ ಎದ್ದರೆ ನಗಬೇಡಿ. ನಾನು ಬೇಡುವುದು ಇಷ್ಟೇ.

ಒಳಗಿನಿಂದ ಕೂಗುತ್ತಿದ್ದಾರೆ: "ಚನ್ನಬಸವ್ವ ಯಾರ್ರೀ?" ಪಡಸಾಲೆಯ ತುಂಬ ಅವರಿವರ ಮಕ್ಕಳು, ಮೊಮ್ಮಕ್ಕಳು ಕೂತಿದ್ದಾರೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ.

ಇಗೋ, ಎದ್ದೆ.