ಒಂದು ಅಸಲು, ಒಂದು ನಕಲು

ಮನೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಸ್ಪ್ಯಾನರ್ ರಾಣಿಗೆ,

ಹೇಗಿದ್ದೀಯಮ್ಮಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಗುಳ್ಳೆಗಳು ಮಾದವೇ? ಮುಂದಿನ ಬಂದರಿನಲ್ಲಿ ಈ ಪತ್ರ ನಿನ್ನ ಕೈ ಸೇರಬಹುದು. ಅಮ್ಮನ ಗಂಟಲಿನ ಗಾಯ ಒಣಗಿದೆ. ದನಿ ಮಾತ್ರ ಇನ್ನು ಬರುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಈಗ ಸ್ಲೇಟಿನ ಮೇಲೆ ಬರೆದೇ ನನ್ನನ್ನು ಬೈಯುತ್ತಾಳೆ. ಬೈಗುಳ ಚಿಕ್ಕದಾಗಿದೆ, ಖಾರ ಕಡಿಮೆಯಾಗಿಲ್ಲ.

ನೀನು ಜೋಡಿಸಿಕೊಟ್ಟ ಕಂಪ್ಯೂಟರ್ ಕೈಕೊಟ್ಟಿತು. ಆಪರೇಷನ್ನಿಗೆ ಮೊದಲು ಅಮ್ಮ ನಲವತ್ತು ದಿನ ಕೂತು ತನ್ನ ಹಾಡು, ಕಥೆ, ನಮ್ಮಿಬ್ಬರನ್ನು ಕೂಗಿ ಕರೆಯುವುದು, ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಿದ್ದು ಅದರಲ್ಲೇ. ಕಂಪ್ಯೂಟರನ್ನು ನಡೆಸುವ ಆ ಲಿನಕ್ಸ್ ಸಾಫ್ಟ್‌ವೇರ್ ಹೊಸದು ಮಾಡಲೇ ಎಂದು ಅದು ಕೇಳಿತು, ಹೂಂ ಎಂದೆ. ಮತ್ತೆ ಶುರುಮಾಡಿದರೆ ಕಪ್ಪು ಪರದೆ, ‘ಡಿಸ್ಕ್ ಅರೇ’ ಎಂಬುದು ಸಿಗಲಿಲ್ಲವೆಂಬ ಒಂದೇ ಸಾಲು. ನಿನ್ನ ನೋಟ್‌ಬುಕ್ಕಿನಲ್ಲಿದ್ದ ಕಮಾಂಡುಗಳನ್ನೆಲ್ಲ ಅಕ್ಷರಕ್ಕೆ ಬೆರಳಿಟ್ಟು ನಾಲ್ಕು ದಿನ ಟೈಪ್ ಮಾಡಿದೆ. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಐದನೇ ದಿನ, ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ನನ್ನ ಬುದ್ಧಿ ಎದ್ದು ಕೂತಿತು. ಒಳಗೆ ಎರಡು ಡಿಸ್ಕ್ ಇವೆಯಲ್ಲ, ಒಂದು ಅಸಲು, ಇನ್ನೊಂದು ನಕಲು ಎಂದುಕೊಂಡೆ. ನಮ್ಮ ಆಫೀಸಿನಲ್ಲಿ ಯಾವ ಕಾಗದ ಎರಡಿದ್ದರೂ ಅರ್ಥ ಅದೇ. ಒಂದನ್ನು ಪೂರ್ತಿ ಅಳಿಸಿ ಅದಕ್ಕೆ ಲಿನಕ್ಸ್ ಹಾಕಿದೆ. ಲಕ್ಷಣವಾಗಿ ಶುರುವಾಯಿತು. ಬೀಗುತ್ತಾ ಇನ್ನೊಂದನ್ನು ತೆರೆಯಲು ಹೋದೆ, ತೆರೆಯಲೇ ಇಲ್ಲ. ರಿಪೇರಿ ಅಂಗಡಿಯ ಹುಡುಗಿ ನೋಡಿ, “ಇದು ನಕಲಲ್ಲ ಅಂಕಲ್, ಎರಡೂ ಸೇರಿನೇ ಒಂದು, ಈ ಜೋಡಿಗೇ ಅರೇ ಅನ್ನೋದು. ಪ್ರತಿ ಫೈಲೂ ಚೂರುಚೂರಾಗಿ ಎರಡರಲ್ಲೂ ಹಂಚಿರತ್ತೆ. ಅದರ ಗುರುತು ಹಿಡಿಯೋ ಡ್ರೈವರ್ ಅನ್ನೋ ಸಣ್ಣ ಸಾಫ್ಟ್‌ವೇರ್ ಹೊಸ ಲಿನಕ್ಸಲ್ಲಿ ಬಿಟ್ಟುಹೋಗಿತ್ತು, ಅಷ್ಟೇ. ಅಳಿಸೋಕೆ ಮುಂಚೆ ತಂದಿದ್ರೆ ಅರ್ಧ ಗಂಟೆ ಕೆಲಸ” ಎಂದಳು. ಆ ಅರ್ಧ ಗಂಟೆ ನನ್ನನ್ನು ತಿನ್ನುತ್ತಿದೆ. ಇನ್ನೂ ಮೂರು ಕಡೆ ತೋರಿಸಿದೆ, ಎಲ್ಲರೂ ಕೈಚೆಲ್ಲಿದರು. ನೀನು ಬಂದರೂ ಆಗುವುದೇನಿಲ್ಲ, ಸುಮ್ಮನೆ ರಜೆ ಹಾಕಬೇಡ.

ಹೊತ್ತುಹೊತ್ತಿಗೆ ಊಟ ಮಾಡು. ನಮ್ಮಿಬ್ಬರ ಆಶೀರ್ವಾದ ಸಮುದ್ರದಾಚೆಗೂ ನಿನ್ನ ಜೊತೆಗಿರುತ್ತದೆ.

ನಿನ್ನ
ಅಪ್ಪ

ಇನ್ನೊಂದು ಮಾತು: ಅಮ್ಮನಿಗೆ ಇನ್ನೂ ಹೇಳಿಲ್ಲ. ‘ರಿಪೇರಿ ಆಯ್ತಾ?’ ಎಂದು ದಿನಾ ಸ್ಲೇಟು ಹಿಡಿಯುತ್ತಾಳೆ, ‘ನಾಳೆ’ ಎನ್ನುತ್ತೇನೆ. ನೀನು ಹಡಗು ಹತ್ತಿದ ದಿನ ಅವಳು ನಿನ್ನ ಫೋನಿಗೆ ಬೈದು ಕಳಿಸಿದ್ದ ವಾಯ್ಸ್ ಮೆಸೇಜ್ ಇದೆಯಾ? ಅಳಿಸಿಹಾಕಿದೆ ಎಂದು ಆಗ ನೀನು ಕೂಗಾಡಿದ್ದೆ. ಕೋಪಕ್ಕೆ ಹೇಳಿದ್ದು ತಾನೇ? ಇದ್ದರೆ ಜೋಪಾನ. ನಿಜವಾಗಿ ಅಳಿಸಿದ್ದರೆ, ಅದನ್ನು ಮಾತ್ರ ನನಗೆ ಬರೆಯಬೇಡ.