ಅಂಗಳದಲ್ಲಿ ಬರೆದ ಕಾರು

ಗಿರೀಶ,

ನಾನೂ ನಿನ್ನ ಹೆಂಡತಿ ಶಿವರಂಜಿನಿಯೂ ಚಿಕ್ಕ ಕಾರನ್ನು ಓಡಿಸಿ ನೋಡಲು ಗುಂಡ್ಲುಪೇಟೆಗೆ ಹೋಗಿದ್ದೇವೆ. ಮುದ್ದೆ, ಉಪ್ಪೆಸರು ಮುಚ್ಚಿಟ್ಟಿದ್ದೇನೆ. ಆರುವ ಮುಂಚೆ ಉಣ್ಣು.

ಅಂಗಳದ ರಂಗೋಲಿ ತುಳಿಯಬೇಡ. ಅದು ನೀನು ಹಟ ಹಿಡಿದಿರುವ ಏಳು ಸೀಟಿನ ಕಾರು. ಶಿವರಂಜಿನಿ ಮೊಬೈಲಿನಲ್ಲಿ ಉದ್ದಗಲ ನೋಡಿ ಹೇಳಿದಳು, ನಾನು ಹಗ್ಗ ಹಿಡಿದು ಎಳೆದೆ. ತುಳಸಿಕಟ್ಟೆ ಡಿಕ್ಕಿಯೊಳಗೆ ಸೇರಿಕೊಂಡಿತು. ಮುಂಭಾಗ ಪಕ್ಕದಮನೆ ಮಂಚಮ್ಮನ ಜಗಲಿ ಹತ್ತಿತು.

"ಇದ್ಯಾವ ಹಬ್ಬದ ರಂಗೋಲಿ ಅಕ್ಕಾ?" ಅಂದಳು ಮಂಚಮ್ಮ.

"ನಮ್ ಗಿರೀಶನ ಕಾರು ಕಣವ್ವ," ಅಂದೆ.

"ಹಂಗಾರೆ ಮೂತಿ ನಂದು ಬುಡು. ಅದ್ರ ಮ್ಯಾಲೆ ಮೆಣ್ಸಿನಕಾಯಿ ಒಣಗಾಕ್ತೀನಿ," ಅಂದು ಹೋದಳು.

ದಿನಾ ಚಾಮರಾಜನಗರಕ್ಕೆ ಕೆಲಸಕ್ಕೆ ಓಡಿಸಿಕೊಂಡು ಹೋಗುವವಳು ಶಿವರಂಜಿನಿ, ನೀನಲ್ಲ. ಉಳಿದ ಸೀಟುಗಳಲ್ಲಿ ನಿನ್ನ ಕುದೇರಿನ ಗೆಳೆಯರು ಸಂಸಾರ ಹೂಡುತ್ತಾರೆ, ಅಷ್ಟೇ.

ಆ ರಂಗೋಲಿಯೊಳಗೇ ಕೆಮ್ಮಣ್ಣಿನಲ್ಲಿ ಬರೆದಿರುವುದು ಚಿಕ್ಕ ಕಾರು. ತುಳಸಿಗೂ ತಾಗಿಲ್ಲ, ಮಂಚಮ್ಮನಿಗೂ ತಾಗಿಲ್ಲ. ಮೂರು ಮಣೆ ಹಾಕಿದ್ದೇನೆ. ನಾವು ಬಂದಾಗ ನೀನು ಅದರಲ್ಲಿ ಕೂತಿದ್ದರೆ ಒಪ್ಪಿದೆ ಎಂದುಕೊಳ್ಳುತ್ತೇವೆ, ನಾಳೆಯೇ ಬುಕ್ ಮಾಡೋಣ. ಬಲಗಡೆಯ ಮಣೆ ನಿನ್ನ ಹೆಂಡತಿಯದು, ನೀನು ಎಡಗಡೆ ಕೂರು. ಹಿಂದಿನದಕ್ಕೆ ನಾನು ಆಗಲೇ ಟವೆಲ್ ಹಾಕಿ ಸೀಟು ಹಿಡಿದಿದ್ದೇನೆ.

ಅಜ್ಜಿ